ಹೆಸರು ಕೇಳುವ ಪ್ರೋಗ್ರಾಮುಗಳು



ವಿಜ್ಞಾನದ ಒಂದು ವಿಷಯವನ್ನು, ಅದನ್ನು ಓದದವರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳಬೇಕು ಎನ್ನುವುದು ಈ ಉಪನ್ಯಾಸದ ದತ್ತಿಯ ಆಶಯ. ನಾನು ಇಂದು ಆರಿಸಿಕೊಂಡಿರುವುದು ನೋಡಲು ಸಣ್ಣ ವಿಷಯ. ಕಂಪ್ಯೂಟರ್ ಪ್ರೋಗ್ರಾಮೊಂದು ತನ್ನನ್ನು ಓಡಿಸುತ್ತಿರುವ ತಂತ್ರಾಂಶ ಯಾವುದೆಂದು ಕೇಳಿ ತಿಳಿದುಕೊಳ್ಳುತ್ತದಲ್ಲ, ಅದರ ಬಗ್ಗೆ ಮಾತಾಡುತ್ತೇನೆ. ಎರಡು ಸಾಲು ಕೋಡಿನಲ್ಲಿ ಮುಗಿಯುವ ಕೆಲಸ ಅದು. ಆ ಎರಡು ಸಾಲನ್ನು ಯೋಚಿಸದೆ ಬರೆದದ್ದರಿಂದ ಜಗತ್ತಿನ ಬ್ರೌಸರುಗಳೆಲ್ಲ ಬೇರೆಯವರ ಹೆಸರು ಹೇಳಿಕೊಂಡು ಬದುಕುವಂತಾಗಿದೆ. ಒಂದು ಕಂಪನಿ ಕೈಬದಲಾದಾಗ ಅದಕ್ಕೆ ಸಂಬಂಧವೇ ಇಲ್ಲದ ಸಾಫ್ಟ್‌ವೇರು ಕುಸಿದಿದೆ. ಅಮೆರಿಕದ ಸರ್ಕಾರಿ ಆಯೋಗವೊಂದು ನಡುವೆ ಬರಬೇಕಾಗಿದೆ. ಆದ್ದರಿಂದ ಈ ಸಣ್ಣ ಪ್ರಶ್ನೆಗೆ ಒಂದು ಗಂಟೆ ಕೊಡುವುದು ಹೆಚ್ಚಾಗಲಾರದು ಎಂದು ನನ್ನ ನಂಬಿಕೆ.

ಮೊದಲು ಒಂದು ಗಂಟನ್ನು ಬಿಡಿಸಿಕೊಳ್ಳೋಣ. ಪ್ರೋಗ್ರಾಮಿಂಗ್ ಭಾಷೆ ಬೇರೆ, ಆ ಭಾಷೆಯನ್ನು ಓಡಿಸುವ ತಂತ್ರಾಂಶ ಬೇರೆ. ಪೈಥಾನ್ ಎಂದ ಕೂಡಲೇ ವಿದ್ಯಾರ್ಥಿಗಳಿಗೆ ನೆನಪಾಗುವುದು ತಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಂಡ ಸಾಫ್ಟ್‌ವೇರು. ಅದು ಪೈಥಾನ್ ಭಾಷೆಯ ಒಂದು ಇಂಪ್ಲಿಮೆಂಟೇಶನ್. ಯಕ್ಷಗಾನದಲ್ಲಿ ಪ್ರಸಂಗ ಒಂದೇ ಇದ್ದರೂ ತೆಂಕುತಿಟ್ಟಿನ ಮೇಳ ಆಡುವ ಬಗೆ ಬೇರೆ, ಬಡಗುತಿಟ್ಟಿನ ಮೇಳ ಆಡುವ ಬಗೆ ಬೇರೆ. ಪ್ರಸಂಗದ ಪದ್ಯಗಳಲ್ಲಿ ಏನಿದೆಯೋ ಅದನ್ನು ಎರಡೂ ಮೇಳ ಪಾಲಿಸುತ್ತವೆ. ವೇಷ, ಹೆಜ್ಜೆ, ಹಿಮ್ಮೇಳದ ಪದ್ಧತಿ ಅವರವರದು. ಭಾಷೆಯ ನಿಯಮಗಳಿಗೂ ಇಂಪ್ಲಿಮೆಂಟೇಶನ್‌ಗೂ ಇರುವ ಸಂಬಂಧ ಹೆಚ್ಚುಕಡಿಮೆ ಇಂಥದ್ದೇ.

1991ರಲ್ಲಿ ಗೀಡೊ ವಾನ್ ರಾಸಮ್ ಪೈಥಾನನ್ನು ಮೊದಲು ಹೊರಗೆ ಬಿಟ್ಟಾಗ ಅದನ್ನು ಓಡಿಸಲು ಇದ್ದದ್ದು ಅವರೇ ಸಿ ಭಾಷೆಯಲ್ಲಿ ಬರೆದ ಒಂದೇ ಒಂದು ಇಂಟರ್‌ಪ್ರಿಟರು. ಒಂದೇ ಇರುವಾಗ ಅದಕ್ಕೆ ಬೇರೆ ಹೆಸರಿನ ಅಗತ್ಯವೇ ಇರಲಿಲ್ಲ. 1997ರಲ್ಲಿ ಜಿಮ್ ಹ್ಯೂಗನಿನ್ ಜಾವಾ ಯಂತ್ರದ ಮೇಲೆ ಓಡುವ ಪೈಥಾನ್ ಕಟ್ಟಿದರು. ಜೆಪೈಥಾನ್ ಎಂದು ಹುಟ್ಟಿ ಮುಂದೆ ಜೈಥಾನ್ ಆದದ್ದು ಅದೇ. ಅದೇ ಹ್ಯೂಗನಿನ್ ಮುಂದೆ ಮೈಕ್ರೋಸಾಫ್ಟಿನ ಡಾಟ್‌ನೆಟ್‌ಗಾಗಿ ಐರನ್‌ಪೈಥಾನ್ ಬರೆದರು, 2006ರಲ್ಲಿ ಅದರ 1.0 ಆವೃತ್ತಿ ಬಂತು. ಪೈಥಾನನ್ನು ಪೈಥಾನಿನ ಒಂದು ಉಪಭಾಷೆಯಲ್ಲೇ ಬರೆದು, ಓಡುತ್ತ ಓಡುತ್ತ ಯಂತ್ರಭಾಷೆಗೆ ತಿರುಗಿಸುವ ಪೈಪೈ ಬಂತು. 2013ರಲ್ಲಿ ಡೇಮಿಯನ್ ಜಾರ್ಜ್ ಜನರಿಂದ ಹಣ ಕೂಡಿಸಿ ಶುರುಮಾಡಿದ ಮೈಕ್ರೋಪೈಥಾನ್ 16 ಕಿಲೋಬೈಟ್ ಮೆಮೊರಿಯ ಚಿಪ್ಪಿನಲ್ಲೂ ಓಡುತ್ತದೆ. ಹೀಗೆ ಬೇರೆ ಪೈಥಾನುಗಳು ಬರತೊಡಗಿದ ಮೇಲೆ ಮೂಲದ ಇಂಟರ್‌ಪ್ರಿಟರಿಗೂ ಗುರುತು ಬೇಕಾಗಿ ಅದು ಸಿಪೈಥಾನ್ ಆಯಿತು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದು ಬಹುಮಟ್ಟಿಗೆ ಇದೇ.

ನಿಯಮ ಒಂದೇ ಆದರೆ ಯಾರು ಓಡಿಸಿದರೇನು ಎಂದು ನೀವು ಕೇಳಬಹುದು. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಒಂದು ಫೈಲು ತೆರೆದು, ಅದರಲ್ಲಿ ನಾಲ್ಕು ಸಾಲು ಬರೆದು, ಮುಚ್ಚುವ ಆಜ್ಞೆ ಕೊಡದೆ ಬಿಟ್ಟ ಪ್ರೋಗ್ರಾಮು ಇದೆ ಎನ್ನಿ. ಸಿಪೈಥಾನಿನಲ್ಲಿ ಪ್ರತಿ ವಸ್ತುವಿಗೂ ಒಂದು ಎಣಿಕೆ ಇರುತ್ತದೆ, ತನ್ನನ್ನು ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ ಎಂದು. ಆ ಎಣಿಕೆ ಸೊನ್ನೆಗೆ ಇಳಿದ ಕ್ಷಣವೇ ವಸ್ತು ಅಳಿಯುತ್ತದೆ. ಫೈಲು ಅಳಿಯುವಾಗ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ, ಬರೆದ ಸಾಲುಗಳು ಡಿಸ್ಕಿಗೆ ಹೋಗಿ ಸೇರುತ್ತವೆ. ಎಲ್ಲ ಸರಿಯಾಗಿ ನಡೆದಂತೆ ಕಾಣುತ್ತದೆ. ಪೈಪೈಯಲ್ಲಿ ಈ ಎಣಿಕೆಯ ಪದ್ಧತಿ ಇಲ್ಲ. ಅಲ್ಲಿ ಆಗಾಗ ಒಮ್ಮೆ ಕಸ ಗುಡಿಸುವ ಕೆಲಸ ನಡೆಯುತ್ತದೆ, ಯಾರಿಗೂ ಬೇಡವಾದ ವಸ್ತುಗಳು ಆಗ ಹೋಗುತ್ತವೆ. ಅಲ್ಲಿಯವರೆಗೆ ಫೈಲು ತೆರೆದೇ ಇರುತ್ತದೆ. ಮುಂದಿನ ಸಾಲಿನಲ್ಲೇ ಅದನ್ನು ಓದಹೊರಟರೆ ಖಾಲಿ ಫೈಲು ಸಿಗಬಹುದು. ಪ್ರೋಗ್ರಾಮಿನ ಒಂದು ಅಕ್ಷರವೂ ಬದಲಾಗಿಲ್ಲ, ಭಾಷೆಯ ಒಂದು ನಿಯಮವೂ ಮುರಿದಿಲ್ಲ. ಎಣಿಕೆ ಸೊನ್ನೆಯಾದ ಕ್ಷಣವೇ ವಸ್ತು ಅಳಿಯಬೇಕೆಂದು ಪೈಥಾನ್ ಭಾಷೆ ಎಲ್ಲೂ ಮಾತು ಕೊಟ್ಟಿಲ್ಲ.

ಇನ್ನೊಂದು ವ್ಯತ್ಯಾಸ ಇನ್ನೂ ನಯವಾದದ್ದು. ಒಂದು ಪಠ್ಯಕ್ಕೆ ತುಣುಕು ತುಣುಕಾಗಿ ಅಕ್ಷರ ಸೇರಿಸುತ್ತ ಹೋಗುವ ಲೂಪು ಬರೆದರೆ ಸಿಪೈಥಾನ್ 2.4ನೇ ಆವೃತ್ತಿಯಿಂದೀಚೆಗೆ ಒಳಗೊಳಗೆ ಒಂದು ಉಪಾಯ ಮಾಡಿ ಅದನ್ನು ವೇಗವಾಗಿ ಮುಗಿಸುತ್ತದೆ. ಪೈಪೈ ಪ್ರತಿ ಸಲವೂ ಇಡೀ ಪಠ್ಯವನ್ನು ನಕಲು ಮಾಡುತ್ತದೆ. ಉತ್ತರ ಎರಡರಲ್ಲೂ ಒಂದೇ. ಪಠ್ಯ ದೊಡ್ಡದಾದಂತೆಲ್ಲ ಪೈಪೈಗೆ ತಗಲುವ ಹೊತ್ತು ಮಾತ್ರ ವರ್ಗದ ಲೆಕ್ಕದಲ್ಲಿ ಏರುತ್ತದೆ.

ಹಾಗಾಗಿ, ನನ್ನನ್ನು ಓಡಿಸುತ್ತಿರುವವರು ಯಾರು ಎಂದು ಪ್ರೋಗ್ರಾಮು ಕೇಳುವುದಕ್ಕೆ ಕಾರಣ ಇದೆ. ಹಳೆಯ ಕಾಲದಲ್ಲಿ ಇದನ್ನು ಸುತ್ತುಬಳಸಿ ಕೇಳುತ್ತಿದ್ದರು. ಯಾವ ಯಂತ್ರವ್ಯವಸ್ಥೆ ಎಂದು ಕೇಳಿದಾಗ ಲಿನಕ್ಸ್ ಅಥವಾ ವಿಂಡೋಸ್ ಎನ್ನುವ ಬದಲು ಜಾವಾ ಎಂದು ಶುರುವಾಗುವ ಉತ್ತರ ಬಂದರೆ ಅದು ಜೈಥಾನ್ ಇರಬೇಕು, ಸಿಎಲ್‌ಐ ಎಂದು ಬಂದರೆ ಐರನ್‌ಪೈಥಾನ್ ಇರಬೇಕು, ಹೀಗೆ ಊಹಿಸಿಕೊಳ್ಳುತ್ತಿದ್ದರು. 2008ರ ಪೈಥಾನ್ 2.6ರಲ್ಲಿ ಪ್ಲಾಟ್‌ಫಾರ್ಮ್ ಎಂಬ ಮಾಡ್ಯೂಲಿಗೆ ನೇರವಾಗಿ ಹೆಸರು ಹೇಳುವ ಫಂಕ್ಷನ್ ಬಂತು. 2012ರ ಪೈಥಾನ್ 3.3ರಲ್ಲಿ ಸಿಸ್ ಡಾಟ್ ಇಂಪ್ಲಿಮೆಂಟೇಶನ್ ಎಂಬ ಜಾಗವನ್ನೇ ಗೊತ್ತುಮಾಡಿದರು. ಹೆಸರು, ಆವೃತ್ತಿ, ಇನ್ನೆರಡು ವಿವರ ಅಲ್ಲಿ ಸಿಗುತ್ತವೆ. ಇಂಪ್ಲಿಮೆಂಟೇಶನ್ ಕಟ್ಟುವವರೇ ಅದನ್ನು ತುಂಬುತ್ತಾರೆ. ರೂಬಿ ಭಾಷೆಯಲ್ಲಿ ರೂಬಿ ಎಂಜಿನ್ ಎಂಬ ಸ್ಥಿರಾಂಕ ಇದೇ ಕೆಲಸ ಮಾಡುತ್ತದೆ. ಕಾಮನ್ ಲಿಸ್ಪ್‌ನವರು ಇವರೆಲ್ಲರಿಗಿಂತ ಮುಂಚೆಯೇ ಎರಡು ದಾರಿ ಇಟ್ಟುಕೊಂಡಿದ್ದರು. ಹೆಸರು ಹೇಳುವ ಫಂಕ್ಷನ್ ಒಂದು, ಯಾವ ಯಾವ ಲಕ್ಷಣ ಇವೆ ಎಂಬ ಪಟ್ಟಿ ಇನ್ನೊಂದು. ಆ ಹೆಸರಿನ ಫಂಕ್ಷನ್ ಏನನ್ನೂ ಹೇಳದೆ ನಿಲ್ ಎಂದು ಸುಮ್ಮನಿರಲೂ 1994ರ ಅವರ ಮಾನಕ ಅವಕಾಶ ಕೊಟ್ಟಿದೆ. ಸಿ ಭಾಷೆಯಲ್ಲಿ ಪ್ರತಿ ಕಂಪೈಲರೂ ತನ್ನ ಗುರುತಿಗೆ ಒಂದು ಮ್ಯಾಕ್ರೋ ಇಡುತ್ತದೆ. ಜಿಸಿಸಿ ಎಂಬ ಕಂಪೈಲರಿನ ಗುರುತು ಗ್ನು ಸಿ.

ಇಲ್ಲಿಂದ ಕಥೆ ತೊಡಕಾಗುತ್ತದೆ. ಜಿಸಿಸಿಗೆ ಮಾತ್ರ ಗೊತ್ತಿದ್ದ ಅನುಕೂಲಗಳನ್ನು ಬಳಸಲು ಸಾವಿರಾರು ಪ್ರೋಗ್ರಾಮುಗಳು, ಗ್ನು ಸಿ ಮ್ಯಾಕ್ರೋ ಇದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು ಎಂದು ಬರೆದುಕೊಂಡವು. ಮುಂದೆ ಕ್ಲ್ಯಾಂಗ್ ಎಂಬ ಹೊಸ ಕಂಪೈಲರು ಬಂತು. ಆ ಅನುಕೂಲಗಳಲ್ಲಿ ಬಹುಪಾಲು ಅದಕ್ಕೂ ಗೊತ್ತು, ಆದರೆ ತನ್ನ ನಿಜವಾದ ಹೆಸರೊಂದನ್ನೇ ಹೇಳಿದರೆ ಪ್ರೋಗ್ರಾಮುಗಳು ಅದನ್ನು ಕೆಳದರ್ಜೆಯ ದಾರಿಗೆ ತಳ್ಳುತ್ತವೆ. ಆದ್ದರಿಂದ ಕ್ಲ್ಯಾಂಗ್ ತನ್ನ ಹೆಸರಿನ ಜೊತೆಗೆ ತಾನು ಜಿಸಿಸಿ 4.2.1 ಎಂದೂ ಹೇಳಿಕೊಳ್ಳುತ್ತದೆ. ಇಷ್ಟು ವರ್ಷವಾದರೂ ಆ 4.2.1 ಹಾಗೇ ಉಳಿದಿದೆ. ಜಿಸಿಸಿ ಹೌದೋ ಅಲ್ಲವೋ ಎಂದು ನಿಜವಾಗಿ ತಿಳಿಯಬೇಕಾದವರು ಈಗ ಗ್ನು ಸಿ ಇದೆಯೇ, ಅದರ ಜೊತೆಗೆ ಕ್ಲ್ಯಾಂಗ್ ಇಲ್ಲವೇ ಎಂದು ಎರಡು ಪ್ರಶ್ನೆ ಕೇಳಬೇಕು.

ಬ್ರೌಸರುಗಳ ಗತಿ ಇನ್ನೂ ಹದಗೆಟ್ಟದ್ದು. ಜಾವಾಸ್ಕ್ರಿಪ್ಟ್ ಭಾಷೆಗೆ ಇಂಪ್ಲಿಮೆಂಟೇಶನ್ ಎಂದರೆ ಬಹಳ ಮಟ್ಟಿಗೆ ಬ್ರೌಸರೇ. 1994ರ ನೆಟ್‌ಸ್ಕೇಪ್ ತನ್ನನ್ನು ಮೊಜಿಲ್ಲಾ ಎಂದು ಪರಿಚಯಿಸಿಕೊಳ್ಳುತ್ತಿತ್ತು. ಪುಟವನ್ನು ಚೌಕಟ್ಟುಗಳಾಗಿ ಒಡೆದು ತೋರಿಸುವುದು ಮುಂದೆ ಅದಕ್ಕೆ ಬಂದುದರಿಂದ, ಮೊಜಿಲ್ಲಾ ಎಂದವರಿಗೆ ಚೆಂದದ ಪುಟ, ಉಳಿದವರಿಗೆ ಸಾದಾ ಪುಟ ಎಂದು ಸರ್ವರುಗಳು ಹಂಚತೊಡಗಿದವು. ಮೈಕ್ರೋಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೂ ಚೌಕಟ್ಟು ತೋರಿಸಲು ಬಂದಾಗ ಅದು ಮೊಜಿಲ್ಲಾ ಹೊಂದಾಣಿಕೆಯುಳ್ಳದ್ದು ಎಂದು ಹೇಳಿಕೊಂಡೇ ಒಳಗೆ ಬಂತು. ಬಳಿಕ ಬಂದ ಕೆಎಚ್‌ಟಿಎಂಎಲ್ ಎಂಜಿನ್ನು ತಾನು ಮೊಜಿಲ್ಲಾದ ಗೆಕ್ಕೋ ಎಂಜಿನ್ನಿನ ಥರದ್ದು ಎಂದಿತು. ಅದರಿಂದ ಹುಟ್ಟಿದ ಸಫಾರಿ ಅದನ್ನೂ ಉಳಿಸಿಕೊಂಡಿತು. 2008ರ ಕ್ರೋಮ್ ಮೊಜಿಲ್ಲಾ, ಆಪಲ್ ವೆಬ್‌ಕಿಟ್, ಕೆಎಚ್‌ಟಿಎಂಎಲ್, ಗೆಕ್ಕೋ, ಸಫಾರಿ ಎಲ್ಲವನ್ನೂ ಸಾಲಾಗಿ ಹೇಳಿ ನಡುವೆ ತನ್ನ ಹೆಸರನ್ನೂ ಸೇರಿಸಿತು. ಇಂದು ಯಾವ ಆಧುನಿಕ ಬ್ರೌಸರಿನಲ್ಲಾದರೂ ನ್ಯಾವಿಗೇಟರ್ ಡಾಟ್ ಆಪ್‌ನೇಮ್ ಎಂದು ಕೇಳಿ ನೋಡಿ, ನೆಟ್‌ಸ್ಕೇಪ್ ಎಂದು ಉತ್ತರ ಬರುತ್ತದೆ. ಹೀಗೇ ಹೇಳಬೇಕೆಂದು ಎಚ್‌ಟಿಎಂಎಲ್ ಮಾನಕದಲ್ಲೇ ಬರೆದಿಟ್ಟಿದ್ದಾರೆ. ಸತ್ಯ ಹೇಳಿದರೆ ಹಳೆಯ ಪುಟಗಳು ಒಡೆಯುತ್ತವೆ ಎಂಬ ಕಾರಣಕ್ಕೆ ಒಂದು ಮಾನಕವೇ ಎಲ್ಲರೂ ಒಂದೇ ಸುಳ್ಳು ಹೇಳಲಿ ಎಂದು ಗೊತ್ತುಮಾಡಬೇಕಾದದ್ದು ನನಗೆ ನೋವಿನ ಸಂಗತಿ. ಅದನ್ನು ಬರೆದವರದ್ದು ತಪ್ಪಲ್ಲ. ಬೇಡದ ಕಡೆ ಹೆಸರು ಕೇಳಿದ ಲಕ್ಷಾಂತರ ಪುಟಗಳು ಅವರಿಗೆ ಬೇರೆ ದಾರಿ ಉಳಿಸಿರಲಿಲ್ಲ.

ಹೆಸರಿನ ಪಕ್ಕದ ಅಂಕಿಗೂ ಇದೇ ಪಾಡು. 2009ರಲ್ಲಿ ಒಪೇರಾ ಬ್ರೌಸರು ಹತ್ತನೇ ಆವೃತ್ತಿಗೆ ಬಂದಾಗ, ಆವೃತ್ತಿಯ ಒಂದೇ ಅಂಕಿ ಓದುತ್ತಿದ್ದ ಪುಟಗಳು ಅದನ್ನು ಒಂದನೇ ಆವೃತ್ತಿ ಎಂದುಕೊಂಡವು. ಒಪೇರಾದವರು 9.80 ಎಂದು ಮೊದಲು ಹೇಳಿ, ನಿಜವಾದ ಆವೃತ್ತಿಯನ್ನು ಕೊನೆಯಲ್ಲಿ ಬೇರೆಯಾಗಿ ಹೇಳಬೇಕಾಯಿತು. ಪೈಥಾನಿನಲ್ಲಿ ಆವೃತ್ತಿಯ ಮೊದಲ ಮೂರು ಅಕ್ಷರ ಕತ್ತರಿಸಿ ತೆಗೆದುಕೊಳ್ಳುವ ರೂಢಿ ಬಹುಕಾಲ ಇತ್ತು. 3.9ರವರೆಗೆ ಅದು ನಡೆಯಿತು. 2021ರ ಅಕ್ಟೋಬರಿನಲ್ಲಿ 3.10 ಬಂದಾಗ ಅಂಥ ಪ್ರೋಗ್ರಾಮುಗಳ ಕಣ್ಣಿಗೆ ಅದು 3.1 ಆಗಿ ಕಂಡಿತು.

ಈಗ ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುವ ಪ್ರಕರಣಕ್ಕೆ ಬರುತ್ತೇನೆ. ಎಕ್ಲಿಪ್ಸ್ ಎಂಬುದು ಜಾವಾದಲ್ಲಿ ಬರೆದ, ಪ್ರೋಗ್ರಾಮು ಬರೆಯುವವರೇ ಬಳಸುವ ದೊಡ್ಡ ಸಾಫ್ಟ್‌ವೇರು. ಸನ್ ಕಂಪನಿಯ ಹಾಟ್‌ಸ್ಪಾಟ್ ಎಂಬ ಜಾವಾ ಯಂತ್ರದಲ್ಲಿ ಕ್ಲಾಸುಗಳ ವಿವರ ಇಡಲು ಪರ್ಮ್‌ಜೆನ್ ಎಂಬ ಬೇರೆಯೇ ಮೆಮೊರಿ ಭಾಗ ಇತ್ತು. ಎಕ್ಲಿಪ್ಸ್‌ಗೆ ಅದು ಸಾಲುತ್ತಿರಲಿಲ್ಲ. ಶುರುವಾಗುವಾಗಲೇ ಈ ಭಾಗವನ್ನು 256 ಮೆಗಾಬೈಟ್‌ವರೆಗೆ ಬೆಳೆಯಲು ಬಿಡು ಎಂದು ಒಂದು ಆಯ್ಕೆ ಕೊಡಬೇಕಿತ್ತು. ಆದರೆ ಆ ಆಯ್ಕೆ ಸನ್ ಯಂತ್ರಕ್ಕೆ ಮಾತ್ರ ಅರ್ಥವಾಗುವಂಥದ್ದು, ಬೇರೆ ಕಂಪನಿಯ ಜಾವಾ ಯಂತ್ರಗಳಿಗೆ ಅದನ್ನು ಕೊಡುವ ಹಾಗಿರಲಿಲ್ಲ. ಆದ್ದರಿಂದ ಎಕ್ಲಿಪ್ಸನ್ನು ಹೊರಡಿಸುವ ಪುಟ್ಟ ಪ್ರೋಗ್ರಾಮು ವಿಂಡೋಸ್‌ನಲ್ಲಿ ಮೊದಲು ಒಂದು ಪರೀಕ್ಷೆ ಮಾಡುತ್ತಿತ್ತು. ಜಾವಾ ಯಂತ್ರದ ಫೈಲಿನೊಳಗೆ ತಯಾರಕ ಕಂಪನಿಯ ಹೆಸರು ಬರೆದಿರುವ ಜಾಗ ನೋಡಿ, ಅಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎಂದಿದ್ದರೆ ಆಯ್ಕೆ ಕೊಡುವುದು, ಇಲ್ಲದಿದ್ದರೆ ಸುಮ್ಮನಿರುವುದು.

2010ರ ಜನವರಿಯಲ್ಲಿ ಸನ್ ಕಂಪನಿ ಆರಕಲ್‌ನ ಪಾಲಾಯಿತು. ಅದೇ ಜುಲೈನಲ್ಲಿ ಬಂದ ಜಾವಾ 6ರ 21ನೇ ಅಪ್‌ಡೇಟಿನಲ್ಲಿ ಕಂಪನಿಯ ಹೆಸರಿನ ಜಾಗದಲ್ಲಿ ಆರಕಲ್ ಕಾರ್ಪೊರೇಶನ್ ಎಂದು ಬರೆದರು. ಆಸ್ತಿ ಕೈಬದಲಾದ ಮೇಲೆ ಬೋರ್ಡು ಬದಲಿಸುವುದು ಸಹಜವೇ. ಎಕ್ಲಿಪ್ಸ್‌ಗೆ ಮಾತ್ರ ಆ ಯಂತ್ರ ಈಗ ಅಪರಿಚಿತವಾಗಿ ಕಂಡಿತು. ಆಯ್ಕೆ ಕೊಡಲಿಲ್ಲ. ಪರ್ಮ್‌ಜೆನ್ ತುಂಬಿತು. ಜಗತ್ತಿನ ಎಷ್ಟೋ ಕಡೆ ಪ್ರೋಗ್ರಾಮರುಗಳ ಮುಂದೆ ಎಕ್ಲಿಪ್ಸ್ ಮೆಮೊರಿ ಮುಗಿಯಿತೆಂದು ಹೇಳಿ ನಿಂತುಹೋಯಿತು. ಮೊದಲು ಯಾರಿಗೂ ಕಾರಣ ಹೊಳೆಯದಿರುವುದು ಸಹಜ, ಏಕೆಂದರೆ ಆ ಯಂತ್ರಕ್ಕೆ ಆ ಆಯ್ಕೆ ಹಿಂದಿನಂತೆಯೇ ಅರ್ಥವಾಗುತ್ತಿತ್ತು, ಕೇಳಿದ್ದರೆ ಮೆಮೊರಿಯನ್ನೂ ಕೊಡುತ್ತಿತ್ತು. ಆರಕಲ್ ಕೊನೆಗೆ ಅದೇ ಅಪ್‌ಡೇಟನ್ನು ಮತ್ತೆ ಕಟ್ಟಿ, ಇಲ್ಲದ ಕಂಪನಿಯ ಹೆಸರನ್ನೇ ಮರಳಿ ಹಾಕಿ ಹೊರಬಿಟ್ಟಿತು. 2014ರ ಜಾವಾ 8ರಲ್ಲಿ ಪರ್ಮ್‌ಜೆನ್ನನ್ನೇ ತೆಗೆದುಹಾಕಿದರು. ಆಗ ಅವರು ಮಾಡಿದ ಕ್ರಮ ನನಗೆ ಬಹಳ ಮೆಚ್ಚುಗೆ: ಯಾರಾದರೂ ಹಳೆಯ ಆಯ್ಕೆಯನ್ನು ಕೊಟ್ಟರೆ, ಇದಕ್ಕೆ ಈಗ ಅರ್ಥವಿಲ್ಲ, ಬಿಟ್ಟುಬಿಡುತ್ತಿದ್ದೇನೆ ಎಂದು ಎಚ್ಚರಿಸಿ ಯಂತ್ರ ಮುಂದೆ ನಡೆಯುತ್ತಿತ್ತು. ಎಲ್ಲ ಜಾವಾ ಯಂತ್ರಗಳೂ ಮೊದಲಿನಿಂದ ಹೀಗೆ ನಡೆದುಕೊಂಡಿದ್ದರೆ ಹೆಸರು ನೋಡುವ ಆ ಪರೀಕ್ಷೆಯೇ ಬೇಕಿರಲಿಲ್ಲ.

ಇದು ಅಜಾಗರೂಕತೆಯ ಕಥೆ. ಹೆಸರು ಕೇಳುವುದರಲ್ಲಿ ಅನ್ಯಾಯವೂ ನಡೆಯಬಹುದು. ಇಂಟೆಲ್, ಎಎಂಡಿ ಮೊದಲಾದವರ ಪ್ರೊಸೆಸರುಗಳಲ್ಲಿ ಸಿಪಿಯುಐಡಿ ಎಂಬ ಆಜ್ಞೆ ಇದೆ. ಅದು ಪ್ರೊಸೆಸರಿನ ಸಾಮರ್ಥ್ಯಗಳನ್ನು ಒಂದೊಂದಾಗಿ ಹೇಳುತ್ತದೆ, ಜೊತೆಗೆ ತಯಾರಕರ ಹೆಸರನ್ನು ಹನ್ನೆರಡು ಇಂಗ್ಲಿಷ್ ಅಕ್ಷರಗಳಲ್ಲಿ ಹೇಳುತ್ತದೆ: ಜೆನ್ಯೂಯಿನ್ ಇಂಟೆಲ್, ಅಥೆಂಟಿಕ್ ಎಎಂಡಿ, ಹೀಗೆ. ಇಂಟೆಲ್‌ನ ಕಂಪೈಲರು ತಯಾರಿಸುತ್ತಿದ್ದ ಪ್ರೋಗ್ರಾಮುಗಳಲ್ಲಿ ಒಂದೇ ಲೆಕ್ಕಕ್ಕೆ ವೇಗದ ದಾರಿ, ನಿಧಾನದ ದಾರಿ ಎರಡೂ ಇರುತ್ತಿದ್ದವು. ಯಾವ ದಾರಿ ಹಿಡಿಯಬೇಕು ಎಂದು ತೀರ್ಮಾನಿಸುವಾಗ ಸಾಮರ್ಥ್ಯದ ಜೊತೆಗೆ ಹೆಸರನ್ನೂ ನೋಡುತ್ತಿದ್ದವು. ವೇಗದ ಆಜ್ಞೆಗಳು ಎಎಂಡಿಗೂ ಬರುತ್ತಿದ್ದವು. ಹೆಸರು ಬೇರೆ ಎಂಬ ಒಂದೇ ಕಾರಣಕ್ಕೆ ಅದಕ್ಕೆ ನಿಧಾನದ ದಾರಿ ಸಿಗುತ್ತಿತ್ತು. ವಯಾ ಕಂಪನಿಯ ನ್ಯಾನೋ ಪ್ರೊಸೆಸರಿನಲ್ಲಿ ಈ ಹೆಸರನ್ನು ಬದಲಿಸಬಹುದಾಗಿತ್ತು. 2008ರಲ್ಲಿ ಅದರ ಹೆಸರನ್ನು ಜೆನ್ಯೂಯಿನ್ ಇಂಟೆಲ್ ಎಂದು ಮಾಡಿ ಪಿಸಿಮಾರ್ಕ್ 2005 ಎಂಬ ಹೆಸರಾಂತ ವೇಗಪರೀಕ್ಷೆಗೆ ಒಡ್ಡಿದಾಗ ಮೆಮೊರಿ ವಿಭಾಗದ ಅಂಕ ಸುಮಾರು ಶೇ 47ರಷ್ಟು ಏರಿತು. ಚಿಪ್ಪು ಅದೇ, ಕೆಲಸ ಅದೇ. ಇಂಟೆಲ್ ಕಂಪೈಲರಿನ ನಡವಳಿಕೆಯೂ ಸೇರಿ ಹಲವು ದೂರುಗಳನ್ನಿಟ್ಟು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರ ಡಿಸೆಂಬರಿನಲ್ಲಿ ಮೊಕದ್ದಮೆ ಹೂಡಿತು. 2010ರ ಆಗಸ್ಟಿನಲ್ಲಿ ರಾಜಿಯಾಯಿತು. ಬೇರೆ ಪ್ರೊಸೆಸರುಗಳಿಗೆ ತನ್ನ ಕಂಪೈಲರು ಅಷ್ಟೇ ಮಟ್ಟದ ವೇಗ ಕೊಡದಿರಬಹುದು ಎಂದು ಇಂಟೆಲ್ ಬಹಿರಂಗವಾಗಿ ತಿಳಿಸಬೇಕಾಯಿತು.

ಹಾಗಾದರೆ ಏನು ಮಾಡಬೇಕು? ನನ್ನ ನಿಲುವು ಇದು. ಮೊದಲು, ಕೇಳುವ ಅಗತ್ಯವೇ ಬೀಳದಂತೆ ಬರೆಯಲು ನೋಡಬೇಕು. ಆಗ ಹೇಳಿದ ಫೈಲಿನ ಪ್ರಸಂಗವನ್ನೇ ತೆಗೆದುಕೊಳ್ಳಿ. ಇದು ಪೈಪೈ ಆದರೆ ಫೈಲು ಮುಚ್ಚು ಎಂದು ಬರೆದ ಕೋಡನ್ನು ನಾನು ನೋಡಿದ್ದೇನೆ. ಅದರ ಬದಲು, ಕೆಲಸ ಮುಗಿದ ತಕ್ಷಣ ಫೈಲನ್ನು ಮುಚ್ಚುವ ವಿತ್ ಎಂಬ ವಾಕ್ಯರಚನೆ ಬಳಸಿದರೆ ಎಲ್ಲ ಪೈಥಾನುಗಳಲ್ಲೂ ಒಂದೇ ಫಲ. ಪಠ್ಯದ ತುಣುಕುಗಳನ್ನು ಪಟ್ಟಿಯಲ್ಲಿ ಕೂಡಿಟ್ಟು ಕೊನೆಗೆ ಒಮ್ಮೆಲೇ ಜೋಡಿಸಿದರೆ ಎರಡೂ ಕಡೆ ವೇಗ. ಭಾಷೆ ಕೊಟ್ಟ ಮಾತಿನ ಮೇಲೆ ನಿಂತವನಿಗೆ ಯಾರು ಓಡಿಸುತ್ತಿದ್ದಾರೆಂಬ ಚಿಂತೆ ಅರ್ಧಕ್ಕರ್ಧ ಇಳಿಯುತ್ತದೆ.

ಅದು ಸಾಧ್ಯವಿಲ್ಲದ ಕಡೆ ಹೆಸರಿನ ಬದಲು ಸಾಮರ್ಥ್ಯವನ್ನು ಕೇಳಬೇಕು. 1991ರಲ್ಲಿ ಡೇವಿಡ್ ಮೆಕೆಂಜಿ ಬರೆಯಲು ಶುರುಮಾಡಿದ ಆಟೋಕಾನ್ಫ್ ಎಂಬ ಸಾಧನ ಈ ಮಾರ್ಗವನ್ನು ಹಿಡಿದದ್ದು. ಆಗ ಯುನಿಕ್ಸ್ ಎಂಬ ಯಂತ್ರವ್ಯವಸ್ಥೆಯಲ್ಲಿ ಹತ್ತಾರು ಬಗೆ. ಯಾವ ಯುನಿಕ್ಸ್ ಎಂದು ಕೇಳಿ ಪಟ್ಟಿಯಲ್ಲಿ ಹುಡುಕುವ ಬದಲು ಆಟೋಕಾನ್ಫ್ ನಾಲ್ಕು ಸಾಲಿನ ಒಂದು ಸಿ ಪ್ರೋಗ್ರಾಮನ್ನು ಸ್ಥಳದಲ್ಲೇ ಬರೆದು, ಕಂಪೈಲು ಮಾಡಿ ನೋಡುತ್ತದೆ. ಆಯಿತೆಂದರೆ ಆ ಫಂಕ್ಷನ್ ಇಲ್ಲಿದೆ. ಲಿನಕ್ಸಿನಲ್ಲಿ ಸಾಫ್ಟ್‌ವೇರು ಕಟ್ಟಿದವರಿಗೆ ಚೆಕಿಂಗ್ ಎಂದು ಶುರುವಾಗುವ ನೂರಾರು ಸಾಲು ಸರಿದುಹೋಗುವುದು ನೆನಪಿರಬಹುದು. ಪ್ರತಿ ಸಾಲೂ ಇಂಥ ಒಂದು ಪರೀಕ್ಷೆ. ನಡವಳಿಕೆ ನೋಡಿಯೇ ಭಾಷೆಯನ್ನು ಹಿಡಿಯುವುದೂ ಉಂಟು. ಒಂಟಿ ಉದ್ಧರಣ ಚಿಹ್ನೆಯೊಳಗೆ ಒಂದೇ ಅಕ್ಷರ ಇಟ್ಟು ಅದರ ಅಳತೆ ಎಷ್ಟು ಬೈಟು ಎಂದು ಕೇಳಿ. ಒಂದು ಎಂದರೆ ನಿಮ್ಮ ಕೋಡನ್ನು ಸಿ++ ಎಂದು ಕಂಪೈಲು ಮಾಡುತ್ತಿದ್ದಾರೆ. ನಾಲ್ಕು ಎಂದರೆ ಸಿ. ಮೂರನ್ನು ಎರಡರಿಂದ ಭಾಗಿಸಿ ಒಂದು ಬಂದರೆ ಪೈಥಾನ್ 2, ಒಂದೂವರೆ ಬಂದರೆ ಪೈಥಾನ್ 3. ಹೆಸರು ಸುಳ್ಳು ಹೇಳಬಹುದು, ಭಾಗಾಕಾರದ ಉತ್ತರ ಹೇಳಲಾರದು. ಕ್ಲ್ಯಾಂಗ್ ತಂದ, ಈ ಫಂಕ್ಷನ್ ನಿನ್ನಲ್ಲಿದೆಯೇ ಎಂದು ನೇರವಾಗಿ ಕೇಳುವ ಸೌಲಭ್ಯವನ್ನು ಜಿಸಿಸಿಯೂ 2020ರ ತನ್ನ ಹತ್ತನೇ ಆವೃತ್ತಿಯಲ್ಲಿ ಒಪ್ಪಿಕೊಂಡಿದೆ.

ಕನ್ನಡದವರಿಗೆ ಹತ್ತಿರದ ಒಂದು ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳೆಯ ಬರಹಗಳಲ್ಲಿ ಸ್ವರವಿಲ್ಲದ ನಕಾರಕ್ಕೆ ಒಂದು ಪ್ರತ್ಯೇಕ ರೂಪ ಇತ್ತು, ನಕಾರ ಪೊಲ್ಲು. ಯುನಿಕೋಡ್ ಅದಕ್ಕೆ ಜಾಗ ಕೊಟ್ಟದ್ದು 2021ರ 14ನೇ ಆವೃತ್ತಿಯಲ್ಲಿ, ದಶಮಾನ ಲೆಕ್ಕದಲ್ಲಿ 3293ನೇ ಸ್ಥಾನ. ಪೈಥಾನ್ 3.10ರ ಒಳಗಿರುವುದು ಯುನಿಕೋಡ್ 13ರ ಕೋಷ್ಟಕ, 3.11ರಲ್ಲಿ 14ರದು. ಈಗ ಹಳೆಯ ಪಠ್ಯವೊಂದನ್ನು ಈ ಅಕ್ಷರ ಸಹಿತ ಗಣಕಕ್ಕೆ ಏರಿಸಿ, ಪದಗಳನ್ನು ಬಿಡಿಸಿ ಪದಸೂಚಿ ಮಾಡುವ ಪ್ರೋಗ್ರಾಮು ಬರೆದಿದ್ದೀರಿ ಎನ್ನಿ. 3.10ಕ್ಕೆ ಆ ಸ್ಥಾನದಲ್ಲಿ ಅಕ್ಷರವೇ ಇಲ್ಲ. ಪದದ ಕೊನೆಯಲ್ಲಿ ಪೊಲ್ಲು ಬಂದ ಕೂಡಲೇ, ಇಲ್ಲಿಗೆ ಪದ ಮುಗಿಯಿತು ಎಂದು ಅದನ್ನು ಚಿಹ್ನೆಯಂತೆ ಹೊರಗೆ ಬಿಸಾಡುತ್ತದೆ. ಅರಸನ್ ಎಂಬುದು ಅರಸ ಎಂದು ಸೂಚಿಗೆ ಸೇರುತ್ತದೆ. ತಪ್ಪಿನ ಸಂದೇಶ ಬರುವುದಿಲ್ಲ, ಪ್ರೋಗ್ರಾಮು ನಿಲ್ಲುವುದಿಲ್ಲ. ಎರಡು ಬೇರೆ ರೂಪಗಳ ಎಣಿಕೆ ಒಂದಾಗಿ ಅಚ್ಚಾಗುತ್ತದೆ, ಆ ಎಣಿಕೆಯನ್ನು ನಂಬಿ ಯಾರೋ ಒಬ್ಬ ಸಂಶೋಧಕ ತೀರ್ಮಾನಕ್ಕೂ ಬರಬಹುದು.

ಇದಕ್ಕೆ ಪೈಥಾನ್ 3.11 ಹೌದೇ ಎಂದು ಕೇಳಿ ತಡೆ ಹಾಕುವವರಿದ್ದಾರೆ. ಅದು ಸಿಪೈಥಾನಿನ ಆವೃತ್ತಿಗಳನ್ನು ನೋಡಿ ಕಟ್ಟಿದ ಲೆಕ್ಕ. ಇನ್ನೊಂದು ಇಂಪ್ಲಿಮೆಂಟೇಶನ್ ತನ್ನ ಕೋಷ್ಟಕವನ್ನು ಬೇರೆ ವೇಳಾಪಟ್ಟಿಯಲ್ಲಿ ಹೊಸದು ಮಾಡಬಹುದು, ಪುಟ್ಟ ಚಿಪ್ಪಿನ ಮೇಲಿನ ಪೈಥಾನಿಗೆ ಪೂರ್ತಿ ಕೋಷ್ಟಕ ಇಡಲು ಜಾಗವೇ ಇರಲಾರದು. ಕೇಳಬೇಕಾದದ್ದು ಒಂದೇ ಸಾಲು: 3293ನೇ ಸ್ಥಾನದಲ್ಲಿರುವುದು ಅಕ್ಷರವೇ? ಹೌದು ಎಂದರೆ ಮುಂದುವರಿಯಿರಿ. ಅಲ್ಲ ಎಂದರೆ, ಈ ಗಣಕದಲ್ಲಿ ನಕಾರ ಪೊಲ್ಲು ಗೊತ್ತಿಲ್ಲ, ಸೂಚಿ ತಪ್ಪಾಗುತ್ತದೆ ಎಂದು ಕನ್ನಡದಲ್ಲೇ ಸಂದೇಶ ಕೊಟ್ಟು ನಿಲ್ಲಿಸಿ. ಕನ್ನಡದ ಪಠ್ಯ ಸಂಸ್ಕರಣೆ ಮಾಡುವ ಪ್ರತಿ ಪ್ರೋಗ್ರಾಮಿನ ತಲೆಯಲ್ಲೂ ಇಂಥ ಒಂದು ಸಾಲು ಇರಬೇಕೆಂದು ನನ್ನ ಆಸೆ. ಇದನ್ನು ಬೇರೆ ಭಾಷೆಯವರು ನಮಗಾಗಿ ಬರೆದುಕೊಡಲಾರರು.

ಇಷ್ಟು ಹೇಳಿದ ಮೇಲೆ, ಹೆಸರು ಕೇಳುವುದು ಎಲ್ಲ ಕಡೆಯೂ ತಪ್ಪು ಎಂದು ನೀವು ತಿಳಿಯಬಾರದು. ಸಾಮರ್ಥ್ಯದ ಪರೀಕ್ಷೆಗೆ ಸಿಗದ ಸಂಗತಿಗಳಿವೆ. ಒಂದು ಕೆಲಸ ಬರುತ್ತದೆ, ಆದರೆ ನಿಧಾನ ಎಂಬುದನ್ನು ಒಂದು ಸಾಲಿನಲ್ಲಿ ಕೇಳಿ ತಿಳಿಯಲಾಗದು. ಒಂದು ಇಂಪ್ಲಿಮೆಂಟೇಶನ್‌ನ ಒಂದು ಆವೃತ್ತಿಯಲ್ಲಿ ಮಾತ್ರ ಇರುವ, ಸಾವಿರಕ್ಕೊಮ್ಮೆ ತಲೆ ಎತ್ತುವ ದೋಷವನ್ನು ಪರೀಕ್ಷಿಸಿ ಹಿಡಿಯುವುದೂ ಕಷ್ಟ. ಅಲ್ಲಿ ಹೆಸರು, ಆವೃತ್ತಿ ಎರಡನ್ನೂ ಪೂರ್ತಿಯಾಗಿ ಕೇಳಿ, ಪಕ್ಕದಲ್ಲಿ ಕಾರಣ ಬರೆದಿಟ್ಟು, ದೋಷ ಸರಿಯಾದ ದಿನ ಆ ಸಾಲನ್ನು ತೆಗೆಯಬೇಕು. ಪ್ರೋಗ್ರಾಮು ಕುಸಿದಾಗ ಕಳಿಸುವ ವರದಿಯಲ್ಲಿ ಹೆಸರು ಇರಲೇಬೇಕು, ರೋಗಪತ್ತೆಗೆ ಅದು ಬೇಕೇ ಬೇಕು. ಇನ್ನೊಂದು ಸಂದರ್ಭದಲ್ಲಂತೂ ಹೆಸರೇ ನಿಜವಾದ ಪ್ರಶ್ನೆ. ಸಿ ಭಾಷೆಯ ತುಣುಕುಗಳುಳ್ಳ ಪೈಥಾನ್ ಲೈಬ್ರರಿಯನ್ನು ಪಿಪ್ ಎಂಬ ಸಾಧನ ಇಳಿಸಿಕೊಳ್ಳುವಾಗ ಫೈಲಿನ ಹೆಸರಿನಲ್ಲಿ ಸಿಪಿ 312 ಅಥವಾ ಪಿಪಿ 310 ಎಂಬಂಥ ಗುರುತು ನೋಡುತ್ತದೆ. ಸಿಪಿ ಎಂದರೆ ಸಿಪೈಥಾನ್, ಪಿಪಿ ಎಂದರೆ ಪೈಪೈ. ಆ ಯಂತ್ರಭಾಷೆಯ ಫೈಲನ್ನು ಆ ಇಂಪ್ಲಿಮೆಂಟೇಶನ್‌ನ ಒಳರಚನೆಗೆ ಹೊಂದುವಂತೆಯೇ ಕಟ್ಟಿರುತ್ತಾರೆ. ಅದನ್ನು ಪರೀಕ್ಷಿಸಿ ನೋಡೋಣವೆಂದು ಬೇರೆಡೆ ಹಾಕಿದರೆ ಇಡೀ ಪ್ರೋಗ್ರಾಮೇ ಬೀಳಬಹುದು.

ನನಗೆ ಹೆಚ್ಚು ಕಾಳಜಿ ಇರುವುದು ಇಂಥ ಕೋಡಿನ ಕೊನೆಯ ಕವಲಿನ ಬಗ್ಗೆ. ಸಿಪೈಥಾನ್ ಆದರೆ ಹೀಗೆ, ಪೈಪೈ ಆದರೆ ಹಾಗೆ ಎಂದು ಬರೆದ ಮೇಲೆ ಎಲ್ಸ್ ಎಂಬ ಒಂದು ಕವಲು ಉಳಿಯುತ್ತದೆ. ಎರಡೂ ಅಲ್ಲದಿದ್ದರೆ? ಅವಸರದಲ್ಲಿ ಬರೆಯುವವರು ಅಲ್ಲಿ, ಇದು ಬೆಂಬಲಿತವಲ್ಲ ಎಂದು ಒಂದು ಸಾಲು ಹಾಕಿ ಪ್ರೋಗ್ರಾಮನ್ನು ನಿಲ್ಲಿಸಿಬಿಡುತ್ತಾರೆ. ಆ ಕೋಡು ಬರೆದ ದಿನ ಹುಟ್ಟಿಯೇ ಇರದ ಇಂಪ್ಲಿಮೆಂಟೇಶನ್ ಮುಂದೊಂದು ದಿನ ಬಂದು ಅದೇ ಕವಲಿಗೆ ಬೀಳುತ್ತದೆ. ಅದಕ್ಕೆ ಎಲ್ಲ ಕೆಲಸ ಬರುತ್ತಿದ್ದರೂ ಬಾಗಿಲಲ್ಲೇ ಅದನ್ನು ತಿರುಗಿಸಿ ಕಳಿಸುತ್ತೇವೆ. ಒಳಗೆ ಬರಲು ಅದು ಮತ್ತೆ ಹಳಬರ ಹೆಸರನ್ನೇ ಹೇಳಿಕೊಳ್ಳಬೇಕಾಗುತ್ತದೆ. ಕ್ಲ್ಯಾಂಗ್‌ಗೂ ಬ್ರೌಸರುಗಳಿಗೂ ಆದದ್ದು ಇದೇ. ಬೆಂಗಳೂರಿನಲ್ಲಾಗಲಿ ಶಿವಮೊಗ್ಗದಲ್ಲಾಗಲಿ ನಿಮ್ಮಲ್ಲೊಬ್ಬರು ನಾಳೆ ಒಂದು ಭಾಷೆಯ ಹೊಸ ಇಂಪ್ಲಿಮೆಂಟೇಶನ್ ಕಟ್ಟಿದರೆ ನೀವೂ ಅದೇ ಬಾಗಿಲಲ್ಲಿ ನಿಲ್ಲುತ್ತೀರಿ. ಆದ್ದರಿಂದ ಎಲ್ಸ್ ಕವಲಿನಲ್ಲಿ ಸಾಮಾನ್ಯ ದಾರಿಯನ್ನು ಇಡಿ, ಭಾಷೆಯ ನಿಯಮವನ್ನಷ್ಟೇ ನಂಬಿ ಬರೆದ, ಸ್ವಲ್ಪ ನಿಧಾನವಾದರೂ ಸರಿಯಾದ ದಾರಿ. ಅದೂ ಸಾಗದಿದ್ದರೆ ಯಾವ ಸೌಲಭ್ಯ ಸಿಗಲಿಲ್ಲ ಎಂದು ಹೆಸರಿಸಿ ನಿಲ್ಲಿಸಿ, ಆಗ ಕಟ್ಟಿದವನಿಗೆ ಏನನ್ನು ಸೇರಿಸಬೇಕೆಂದು ತಿಳಿಯುತ್ತದೆ.

ಪೈಥಾನಿನಲ್ಲೇ ಇದಕ್ಕೆ ಒಂದು ಒಳ್ಳೆಯ ಮಾದರಿ ಇದೆ. ಪೈಥಾನ್ ಬರೆಯುವ ನೀವೆಲ್ಲರೂ ನಿಮ್ಮ ಫೋಲ್ಡರಿನಲ್ಲಿ ಪೈಕ್ಯಾಶ್ ಎಂಬ ಉಪಫೋಲ್ಡರು ನೋಡಿರುತ್ತೀರಿ. ಅದರೊಳಗಿನ ಫೈಲುಗಳ ಹೆಸರಿನಲ್ಲಿ ಸಿಪೈಥಾನ್ 312 ಎಂಬಂಥ ಗುರುತು ಇರುತ್ತದೆ. ಒಂದು ಇಂಪ್ಲಿಮೆಂಟೇಶನ್ ಅರೆದಿಟ್ಟ ಬೈಟ್‌ಕೋಡು ಇನ್ನೊಂದಕ್ಕೆ ಆಗದು, ಆದ್ದರಿಂದ ಪ್ರತಿಯೊಂದೂ ತನ್ನ ಗುರುತು ಹಾಕಿಯೇ ಇಡುತ್ತದೆ. ಈ ಗುರುತು ಬರುವುದು ನಾನು ಆಗ ಹೇಳಿದ ಸಿಸ್ ಡಾಟ್ ಇಂಪ್ಲಿಮೆಂಟೇಶನ್‌ನಿಂದ, ಕ್ಯಾಶ್ ಟ್ಯಾಗ್ ಎಂಬ ಹೆಸರಿನಲ್ಲಿ. ಹೊಸದಾಗಿ ಬಂದ ಇಂಪ್ಲಿಮೆಂಟೇಶನ್ ಬೈಟ್‌ಕೋಡು ಉಳಿಸುವುದೇ ಇಲ್ಲವಾದರೆ? ಅಲ್ಲಿ ನನ್ ಎಂದು, ಅಂದರೆ ಏನೂ ಇಲ್ಲ ಎಂದು ಬರೆದರಾಯಿತು. ಆಗ ಪೈಥಾನಿನ ಇಂಪೋರ್ಟ್ ವ್ಯವಸ್ಥೆ ಉಳಿಸಿಟ್ಟ ಫೈಲನ್ನು ಹುಡುಕುವುದೂ ಇಲ್ಲ, ಬರೆಯುವುದೂ ಇಲ್ಲ. ಮೂಲ ಕೋಡನ್ನೇ ಓದಿ ಪ್ರೋಗ್ರಾಮನ್ನು ಓಡಿಸುತ್ತದೆ.